ಮೊಳೆ ಹೊಡೆಯದ ಮನೆ

ಆ ಮನೆಗೆ ಮೊದಲ ಸಲ ಬಂದವರು ಇಲ್ಲೇನೋ ಕಡಿಮೆಯಿದೆ ಎಂದು ಸುತ್ತಮುತ್ತ ನೋಡುತ್ತಿದ್ದರು. ಏನು ಕಡಿಮೆ ಎಂದು ಹೇಳಲು ತಿಳಿಯದೆ ಕೊಟ್ಟ ನೀರು ಕುಡಿದು ಎದ್ದುಹೋಗುತ್ತಿದ್ದರು. ದೊಡ್ಡ ಕೊರತೆಯೇನಲ್ಲ. ಗೋಡೆಗಳಲ್ಲಿ ಒಂದೇ ಒಂದು ಮೊಳೆ ಇರಲಿಲ್ಲ. ಗಡಿಯಾರ ಫ್ರಿಜ್ಜಿನ ತಲೆಯ ಮೇಲೆ ಕೂತಿತ್ತು. ಕ್ಯಾಲೆಂಡರು ಕಿಟಕಿಯ ಸರಳಿಗೆ ದಾರದಲ್ಲಿ ನೇತಾಡುತ್ತಿತ್ತು, ಜೋರಾಗಿ ಗಾಳಿ ಬೀಸಿದರೆ ತಿಂಗಳೇ ಬದಲಾಗಿಬಿಡುತ್ತಿತ್ತು. ಕನ್ನಡಿಯನ್ನು ಕುರ್ಚಿಯ ಮೇಲೆ ಒರಗಿಸಿಟ್ಟಿದ್ದರಿಂದ ಮನೆಮಂದಿಯೆಲ್ಲ ನಡು ಬಗ್ಗಿಸಿ ತಲೆ ಬಾಚಿಕೊಳ್ಳಬೇಕಿತ್ತು. ಇದಕ್ಕಿಂತ ತಮಾಷೆಯೆಂದರೆ ಆ ಮನೆಯ ಯಜಮಾನ ಬಡಗಿ. ದಿನವಿಡೀ ಊರವರ ಬಾಗಿಲು ಕಿಟಕಿಗಳಿಗೆ ಮೊಳೆ ಹೊಡೆದು ಬಂದು ತನ್ನ ಅಂಗಿಯನ್ನು ಬಾಗಿಲ ಚಿಲಕಕ್ಕೆ ಸಿಕ್ಕಿಸುತ್ತಿದ್ದ.

ಈ ಕಟ್ಟಳೆ ಬಡಗಿಯ ತಂದೆಯದು. ಬಸ್ ಕಂಡಕ್ಟರಾಗಿ ನಿವೃತ್ತರಾದವರು. ಹಿಂದಿನ ಬಾಡಿಗೆ ಮನೆ ಬಿಡುವಾಗ ಅದರ ಒಡೆಯ ಗೋಡೆಯ ಮೊಳೆ ತೂತುಗಳಿಗೆಲ್ಲ ಬೆರಳಿಟ್ಟು ನೋಡಿ, ತೂತಿಗಿಷ್ಟು ಎಂದು ಮುಂಗಡದಲ್ಲಿ ಮುರಿದುಕೊಂಡಿದ್ದ. ಆ ಅವಮಾನವನ್ನು ಅವರು ಮರೆಯಲಿಲ್ಲ. ಸಾಲ ಮಾಡಿ ಈ ಮನೆ ಕೊಂಡ ದಿನ ಹೊಸ್ತಿಲಲ್ಲಿ ನಿಂತು ಹೇಳಿದ್ದರು: "ಸಾಲ ತೀರೋವರೆಗೂ ಇದು ಬ್ಯಾಂಕಿನವರ ಮನೆ. ಇನ್ನೊಬ್ಬರ ಗೋಡೆಗೆ ಮೊಳೆ ಹೊಡೆಯೋದು ಬೇಡ. ಇನ್ನೊಬ್ಬರ ಮನೇನ ನಮ್ಮನೆ ಅಂತ ಹೇಳ್ಕೊಳ್ಳೋದು, ವಿಳಾಸ ಬರೆಯೋದು, ಅದೂ ಬೇಡ."

ಹೀಗಾಗಿ ಆ ಮನೆಯಲ್ಲಿ 'ನಾವಿರೋ ಮನೆ' ಎಂಬ ಮಾತಿತ್ತೇ ಹೊರತು 'ನಮ್ಮನೆ' ಎಂಬ ಮಾತಿರಲಿಲ್ಲ. ಮಾವ ಹಾಕಿದ ಗೆರೆಯನ್ನು ಮಾವನಿಗಿಂತ ಬಿಗಿಯಾಗಿ ಹಿಡಿದವಳು ಸೊಸೆ. ಹೋಟೆಲುಗಳ ಹಾಸಿಗೆ ಬಟ್ಟೆ ಒಗೆಯುವ ದೊಡ್ಡ ಲಾಂಡ್ರಿಯಲ್ಲಿ ಅವಳಿಗೆ ಇಸ್ತ್ರಿಯ ಕೆಲಸ. ಮಗಳು ಎಣ್ಣೆ ತಲೆಯನ್ನು ಗೋಡೆಗೆ ಒರಗಿಸಿದರೆ "ಏಯ್, ಬ್ಯಾಂಕಿನ ಗೋಡೆ" ಎಂದು ಗದರುತ್ತಿದ್ದಳು. ತಿಂಗಳ ಕಂತಿನ ಜೊತೆಗೆ ಹೆಚ್ಚುವರಿ ಪಾಳಿಯ ಸಂಬಳವನ್ನೂ ಬ್ಯಾಂಕಿನ ಹೊರಗೋಡೆಯ ಯಂತ್ರದ ಬಾಯಿಗೆ ತುಂಬಿ ಬರುತ್ತಿದ್ದಳು. ಬ್ಯಾಂಕಿನ ಬಾಗಿಲು ತೆರೆದಿರುವ ಹೊತ್ತಿಗೆ ಅವಳ ಪಾಳಿ ಮುಗಿದಿರುತ್ತಿರಲಿಲ್ಲ. ಒಳಗಿನವರ ಮುಖ ನೋಡಿ ವರ್ಷಗಳೇ ಆಗಿದ್ದವು.

ಇಷ್ಟೆಲ್ಲ ಹಿಡಿತದಲ್ಲೂ ಅವರು ವರ್ಷಕ್ಕೊಮ್ಮೆ ಪ್ರವಾಸ ತಪ್ಪಿಸಿದವರಲ್ಲ. ಅದು ಮಾವನ ಇನ್ನೊಂದು ಕಟ್ಟಳೆ. ನಿವೃತ್ತ ನೌಕರರಿಗೆ ಊರೂರಿನ ಬಸ್ ಡಿಪೋಗಳಲ್ಲಿ ಡ್ರೈವರು ಕಂಡಕ್ಟರುಗಳು ಮಲಗುವ ಕೋಣೆ ಪುಡಿಗಾಸಿಗೆ ಸಿಗುತ್ತಿತ್ತು. ಒಂದರ ಮೇಲೊಂದು ಕಬ್ಬಿಣದ ಮಂಚ, ಹೊದಿಕೆಯಲ್ಲಿ ಡೀಸೆಲ್ ವಾಸನೆ, ಬೆಳಗಾಗುವ ಮುಂಚೆಯೇ ಎಬ್ಬಿಸುವ ಎಂಜಿನ್ನು. ಒಲೆ, ಪಾತ್ರೆ, ಆಲೂಗಡ್ಡೆ, ಮೊಟ್ಟೆ ಎಲ್ಲ ಮನೆಯಿಂದಲೇ ಹೋಗುತ್ತಿದ್ದವು. ಹೀಗೆ ಅವರು ಸಮುದ್ರ ನೋಡಿದ್ದರು, ಜಲಪಾತ ನೋಡಿದ್ದರು, ಕೋಟೆ ನೋಡಿದ್ದರು. ಒಂದೊಂದು ಪ್ರವಾಸಕ್ಕೆ ಒಂದೊಂದೇ ಫೋಟೊ. ಬಡಗಿ ಉಳಿಕೆ ಮರದಲ್ಲಿ ಅದಕ್ಕೊಂದು ಚಂದದ ಚೌಕಟ್ಟು ಮಾಡಿ, ಹಳೆಯ ಹಾಸಿನಲ್ಲಿ ಸುತ್ತಿ, ಮಂಚದ ಕೆಳಗೆ ತಳ್ಳುತ್ತಿದ್ದ.

ಈ ವರ್ಷ ಜಗಳ ಶುರುವಾದದ್ದು ಊಟದ ಹೊತ್ತಿಗೆ.

"ಈ ಸಲ ಎಲ್ಲಿಗೂ ಹೋಗೋದು ಬೇಡ," ಎಂದಳು ಸೊಸೆ, ಅನ್ನ ಬಡಿಸುತ್ತಾ.

ಮಾವನ ಕೈ ತಟ್ಟೆಯಲ್ಲೇ ನಿಂತಿತು. ಬೆಟ್ಟದ ಡಿಪೋದ ಕೋಣೆ ಸಿಕ್ಕಿದೆ ಎಂದು ಅವತ್ತು ಮಧ್ಯಾಹ್ನವಷ್ಟೇ ತಿಳಿದಿತ್ತು. ಅದು ಎಲ್ಲರಿಗೂ ಸಿಗುವ ಕೋಣೆಯಲ್ಲ, ಚೀಟಿ ಎತ್ತಿ ಕೊಡುವಂಥದ್ದು. ನಿವೃತ್ತರಾದಾಗಿನಿಂದ ಪ್ರತಿ ವರ್ಷ ಅರ್ಜಿ ಹಾಕಿ ಹಾಕಿ ಈಗ ಅವರ ಹೆಸರು ಬಂದಿತ್ತು. ಊಟ ಮುಗಿದ ಮೇಲೆ ಹೇಳೋಣ ಎಂದು ಖುಷಿಯನ್ನು ಹೊಟ್ಟೆಯಲ್ಲಿಟ್ಟುಕೊಂಡು ಕೂತಿದ್ದರು.

"ಯಾಕಮ್ಮಾ?"

"ಪ್ರವಾಸದ ದುಡ್ಡೂ ಸೇರಿಸಿ ಕಟ್ಟಿದ್ರೆ ಬರೋ ತಿಂಗಳಿಗೇ ಸಾಲ ಮುಗಿಯತ್ತೆ ಮಾವ. ಇಲ್ಲಾಂದ್ರೆ ಇನ್ನೂ ಎಳೀತಾ ಹೋಗತ್ತೆ."

"ಇಷ್ಟು ವರ್ಷ ಎಳೆದಿದೀವಿ. ಇನ್ನೆರಡು ತಿಂಗಳಿಗೆ ಯಾವ ಗಂಟು ಮುಳುಗತ್ತೆ?"

ಸೊಸೆ ಗಂಡನ ಮುಖ ನೋಡಿದಳು. "ನೀವೇ ಹೇಳಿ."

ಬಡಗಿ ಬಾಯಲ್ಲಿದ್ದ ತುತ್ತನ್ನು ಬೇಕಂತಲೇ ನಿಧಾನವಾಗಿ ಅಗಿದ. "ವರ್ಕ್‌ಶಾಪಿಗೆ ರೆಡಿಮೇಡ್ ಬಾಗಿಲು ಬಂದಿದೆ ಅಪ್ಪ. ಲಾರಿಗಟ್ಟಲೆ. ಚೌಕಟ್ಟು, ಬಣ್ಣ, ಎಲ್ಲ ಮುಗಿಸಿಕೊಂಡೇ ಬರತ್ತೆ. ನಾವು ಚಿಲಕ ಕೂರಿಸಿದ್ರೆ ಆಯ್ತು. ಇಷ್ಟು ಜನ ಯಾಕೆ ಬೇಕು ಅಂತ ಮಾಲೀಕರು ಇವತ್ತಲ್ಲ ನಾಳೆ ಕೇಳ್ತಾರೆ."

"ಕೆಲಸ ಹೋಗೋಕೆ ಮುಂಚೆ ಸಾಲ ಹೋಗಬೇಕು," ಎಂದಳು ಸೊಸೆ. "ಪಕ್ಕದ ಬೀದಿಯ ಪ್ಲಂಬರ್‌ದು ಏನಾಯ್ತು? ಕಂತು ನಿಂತಿತು, ಮನೆ ಹೋಯ್ತು. ಅವರ ಮಂಚ ರಸ್ತೇಲಿ ನಿಂತಿದ್ದನ್ನ ಈ ಕಣ್ಣಾರೆ ನೋಡಿದೀನಿ."

"ಒಳ್ಳೇದೇ ಆಯ್ತು ಬಿಡಿ," ಎಂದಳು ಕಾಲೇಜಿಗೆ ಹೋಗುವ ಮಗಳು. "ನಾನಂತೂ ಡಿಪೋಗೆ ಬರ್ತಿರಲಿಲ್ಲ. ಫ್ರೆಂಡ್ಸ್ ಎಲ್ಲ ಯಾವ ಹೋಟೆಲಲ್ಲಿ ಉಳ್ಕೊಂಡಿದ್ರಿ ಅಂತ ಕೇಳ್ತಾರೆ. ಡಿಪೋಲಿ ಅಂದ್ರೆ, ಯಾಕೆ, ಬಸ್ಸು ತಪ್ಪಿಹೋಯ್ತಾ ಅಂತಾರೆ."

ಯಾರಿಗೂ ನಗು ಬರಲಿಲ್ಲ. ಮಾವ ತಟ್ಟೆಯಲ್ಲಿದ್ದಷ್ಟನ್ನು ಮುಗಿಸಿ ಕೈ ತೊಳೆದುಕೊಂಡರು. ಬೆಟ್ಟದ ಮಾತನ್ನು ಮಗನಿಗೆ ಮಾತ್ರ, ಅದೂ ನಲ್ಲಿಯ ಹತ್ತಿರ ನಿಂತು, ಒಂದೇ ಸಾಲಿನಲ್ಲಿ ಹೇಳಿದರು. ಆ ರಾತ್ರಿಯೇ ಅದು ಸೊಸೆಯ ಕಿವಿಗೂ ಬಿತ್ತು.

ಮರುದಿನದಿಂದ ಮುದುಕರ ಮುಷ್ಕರ ಶುರುವಾಯಿತು. ಕಂಡಕ್ಟರಿಕೆಯ ಮಾತು ಬಿಟ್ಟು ಬೇರೆ ಮಾತಿಲ್ಲ. ಸೊಸೆ ಕಸ ಗುಡಿಸುತ್ತಾ ಬಂದರೆ "ಮುಂದೆ ಹೋಗಿ, ಮುಂದೆ ಹೋಗಿ" ಎಂದು ಕಾಲೆತ್ತುತ್ತಿದ್ದರು. ಊಟ ಸಾಕೇ ಎಂದರೆ "ರೈಟ್" ಎನ್ನುತ್ತಿದ್ದರು. ಮೊಮ್ಮಗಳು ಏನಾದರೂ ಕೇಳಿದರೆ "ಚಿಲ್ಲರೆ ಇಲ್ಲಮ್ಮ." ಮೊದಮೊದಲು ಮಗಳು ಬಿದ್ದು ಬಿದ್ದು ನಕ್ಕಳು. ಒಂದು ವಾರ ಕಳೆಯುವಷ್ಟರಲ್ಲಿ ಅವಳಿಗೂ ಸಾಕಾಯಿತು.

ಒಂದು ಸಂಜೆ ಸೊಸೆ ಚಹಾ ತಂದಿಟ್ಟರೆ ಲೋಟವನ್ನು ಹಿಂದಕ್ಕೆ ಸರಿಸಿದರು. "ಇದನ್ನೂ ಮೆಷಿನ್ನಿಗೆ ಹಾಕಿಬಿಡಮ್ಮ. ಸಾಲ ಬೇಗ ತೀರಲಿ."

ಸೊಸೆಯ ಸಹನೆ ತೀರಿತು. "ನಾನು ಯಾರಿಗೋಸ್ಕರ ಮಾಡ್ತಿದೀನಿ ಮಾವ? ಎರಡೆರಡು ಪಾಳಿ ನಿಂತು ಕೈ ಸುಟ್ಕೊಂಡು ನನಗೊಬ್ಬಳಿಗೇ ಮನೆ ಕಟ್ತಿದೀನಾ? ಮೊಳೆ ಹೊಡೀಬೇಡಿ ಅಂದಿದ್ದು ನೀವು. ನಮ್ಮನೆ ಅನ್ನಬೇಡಿ ಅಂದಿದ್ದು ನೀವು. ಅದನ್ನ ನಮ್ಮದು ಮಾಡೋಕೆ ಹೊರಟ್ರೆ ಚಹಾ ಬೇಡ ಅಂತೀರಿ."

ಅವಳು ಸಿಟ್ಟಿನಲ್ಲಿ ಆ ಚಹಾವನ್ನು ತಾನೇ ಕುಡಿದಳು, ಆಮೇಲೆ ಮಾವನಿಗೆ ಬೇರೆ ಮಾಡಿ ತಂದಿಟ್ಟಳು. ಅದನ್ನು ಅವರು ಕುಡಿದರು.

ಭಾನುವಾರ ಮನೆಯ ಹಾಸುಗಳನ್ನು ಮಡಚುವ ಕೆಲಸ ಅವರಿಬ್ಬರದೇ. ಒಂದು ಕೊನೆ ಅವಳ ಕೈಯಲ್ಲಿ, ಇನ್ನೊಂದು ಕೊನೆ ಅವರ ಕೈಯಲ್ಲಿ. ಎಳೆದು, ಕೊಡವಿ, ಎದುರುಬದುರು ನಡೆದು ಅಂಚಿಗೆ ಅಂಚು ಸೇರಿಸಬೇಕು. ಜಗಳವಿದ್ದರೂ ಹಾಸು ಒಬ್ಬರಿಂದ ಮಡಚಲು ಆಗುವುದಿಲ್ಲವಲ್ಲ.

"ಆ ಕೋಣೆ ವಾಪಸ್ ಕೊಟ್ಟುಬಿಡ್ತೀನಿ ನಾಳೆ," ಎಂದರು ಮಾವ, ಅಂಚು ಕೂಡಿಸುವಾಗ. "ಕಾದು ಕೂತವರು ಬೇಕಾದಷ್ಟು ಜನ ಇದಾರೆ."

"ಆ ಬೆಟ್ಟದಲ್ಲಿ ಅಂಥದ್ದೇನಿದೆ ಮಾವ?"

ಅವರು ಹಾಸನ್ನು ಕೊಡವುವುದನ್ನು ನಿಲ್ಲಿಸಿದರು. "ನಿನ್ನ ಗಂಡ ಹುಟ್ಟೋಕೆ ಮುಂಚೆ ಆ ರೂಟಿನಲ್ಲಿ ಇದ್ದೆ ನಾನು. ಹೋಗೋ ಹೊತ್ತಿಗೆ ಯಾವಾಗಲೂ ಮಂಜು. ಬಸ್ಸು ನಿಂತ ತಕ್ಷಣ ಪ್ಯಾಸೆಂಜರೆಲ್ಲ, ಕಂಡಕ್ಟರೇ, ಹಿಮದ ಬೆಟ್ಟ ಎಲ್ಲಿ, ಎಲ್ಲಿ ಅಂತ ಕೇಳೋರು. ನಾನು ಕೈ ತೋರಿಸಿ, ಅಲ್ಲೇ ಇದೆ, ಅಲ್ಲೇ ಇದೆ ಅಂತಿದ್ದೆ. ಅವರು ಆ ಕಡೆ ನೋಡಿ ಕೈ ಮುಗಿಯೋರು. ಮಕ್ಕಳನ್ನ ಎತ್ತಿ ತೋರಿಸೋರು."

"ಮತ್ತೆ?"

"ನಾನೇ ನೋಡಿರಲಿಲ್ಲಮ್ಮ. ಒಂದು ದಿನಕ್ಕೂ. ಆಮೇಲೆ ರೂಟು ಬದಲಾಯ್ತು. ಇದೆಯೋ ಇಲ್ಲವೋ ಗೊತ್ತಿಲ್ಲದ್ದನ್ನ ಅಷ್ಟು ಜನಕ್ಕೆ ತೋರಿಸಿದೀನಿ. ಈಗ ಕಣ್ಣೂ ಮಸುಕಾಗ್ತಾ ಬಂತು. ಇರೋ ಕಣ್ಣಲ್ಲಿ ಒಂದ್ಸಲ ನೋಡಿಬಿಡೋಣ ಅಂತಿತ್ತು."

ಸೊಸೆ ತನ್ನ ಕೈಯಲ್ಲಿದ್ದ ಅಂಚನ್ನು ಅವರ ಕೈಗೆ ಕೊಟ್ಟಳು. ಲಾಂಡ್ರಿಗೆ ಬರುವ ಹಾಸುಗಳು ನೆನಪಾದವು. ಯಾರು ಯಾರೋ ಎಲ್ಲೆಲ್ಲಿಂದಲೋ ಬಂದು ಮಲಗಿ ಎದ್ದುಹೋದ ಹಾಸುಗಳ ಸುಕ್ಕನ್ನು ದಿನವಿಡೀ ತಾನು ನೀಟು ಮಾಡುತ್ತೇನೆ, ತನ್ನ ಮನೆಯ ಮುದುಕರೊಬ್ಬರು ಒಂದು ಬೆಟ್ಟ ನೋಡಲು ತನ್ನ ಅಪ್ಪಣೆ ಕಾಯುತ್ತಾರೆ. ಅವಳಿಗೆ ನಾಚಿಕೆಯಾಯಿತು. ಭಯವೂ ಹೋಗಲಿಲ್ಲ, ರಸ್ತೆಯಲ್ಲಿ ನಿಂತ ಮಂಚ ಕಣ್ಣ ಮುಂದೆಯೇ ಇತ್ತು.

"ವಾಪಸ್ ಕೊಡಬೇಡಿ," ಎಂದಳು. "ಎಷ್ಟು ಮೊಟ್ಟೆ ಬೇಯಿಸಬೇಕು ಹೇಳಿ."

ಹೊರಟ ದಿನ ಒಲೆ, ಚೀಲ, ಪಾತ್ರೆಗಂಟುಗಳ ನಡುವೆ ಬಸ್ ನಿಲ್ದಾಣದಲ್ಲಿ ನಿಂತ ಮಗಳು ಕೇಳಿದಳು: "ನಾವು ಪ್ರವಾಸಕ್ಕೆ ಹೋಗ್ತಿದೀವಾ, ಇಲ್ಲಾ ಮನೆ ಖಾಲಿ ಮಾಡ್ತಿದೀವಾ?"

"ಬಾಯಿ ಮುಚ್ಚು," ಎಂದಳು ಸೊಸೆ. ಆ ಮಾತು ಅವಳಿಗೆ ಬೇಡದ ಕಡೆ ತಾಗಿತ್ತು.

ಬೆಟ್ಟದ ಡಿಪೋದಲ್ಲಿ ಎರಡು ದಿನ ಮಂಜು. ಎಂಥ ಮಂಜೆಂದರೆ ಕೋಣೆಯಿಂದ ನಲ್ಲಿಗೆ ಹೋದವರು ಕೂಗಿ ದಾರಿ ಕೇಳಬೇಕಿತ್ತು. ನಾಲ್ವರೂ ಮಂಚಗಳ ಮೇಲೆ ಕಾಲು ಮಡಚಿ ಕೂತು ಬ್ರೆಡ್ಡು, ಬೇಯಿಸಿದ ಆಲೂಗಡ್ಡೆ ತಿಂದರು. ಮಗಳು ಗೋಡೆ ಕಡೆ ಮುಖ ಮಾಡಿ ಮಲಗಿದಳು. ಬಡಗಿ ಕಿರುಗುಟ್ಟುತ್ತಿದ್ದ ಕಿಟಕಿಯನ್ನು ಬಿಚ್ಚಿ ಸರಿಮಾಡಿದ. ಸೊಸೆ ಮನಸ್ಸಿನಲ್ಲೇ ಬಸ್ಸಿನ ಖರ್ಚು ಕೂಡುತ್ತಿದ್ದಳು. ಮಾವ ಮಾತ್ರ ಬಾಗಿಲಲ್ಲಿ ಕುರ್ಚಿ ಹಾಕಿಕೊಂಡು ಆ ಬಿಳುಪನ್ನೇ ನೋಡುತ್ತಾ ಕೂತಿದ್ದರು.

"ತಾತ, ಏನು ಕಾಣ್ತಿದೆ?" ಮಗಳು ಮಲಗಿದಲ್ಲಿಂದಲೇ ಚುಚ್ಚಿದಳು.

"ಅಲ್ಲೇ ಇದೆ," ಎಂದರು ಮಾವ. ದನಿಯಲ್ಲಿ ಜೋರಿರಲಿಲ್ಲ.

ಹೊರಡಬೇಕಾದ ದಿನ ಬೆಳಗಿನ ಜಾವ ಯಾರೋ ಬಾಗಿಲು ಬಡಿದರು. ಮೊದಲ ಬಸ್ಸಿನ ಡ್ರೈವರು. "ಕಂಡಕ್ಟರ್ ಸಾಹೇಬ್ರೇ, ಬೇಗ ಬನ್ನಿ. ಮಂಜು ತೆರೆದಿದೆ. ಹೆಚ್ಚು ಹೊತ್ತು ನಿಲ್ಲಲ್ಲ."

ಡಿಪೋದ ಸುತ್ತ ಎತ್ತರದ ಕಾಂಪೌಂಡು. ನಿಂತಲ್ಲಿಂದ ಏನೂ ಕಾಣದು. ಡ್ರೈವರು ಬಸ್ಸಿನ ಹಿಂದಿನ ಏಣಿ ತೋರಿಸಿದ. ಮಾವ ಹಳೆಯ ಅಭ್ಯಾಸದಂತೆ ಮೆಟ್ಟಿಲು ನೋಡದೆಯೇ ಹತ್ತಿದರು. ಹಿಂದಿನಿಂದ ಮೊಮ್ಮಗಳು ಅವರ ಕಾಲು ಹಿಡಿದು ನೂಕಿದಳು. ಬಡಗಿ, ಆಮೇಲೆ ಸೀರೆ ಎತ್ತಿ ಕಟ್ಟಿಕೊಂಡ ಸೊಸೆ. ಬಸ್ಸಿನ ನೆತ್ತಿಯ ಮೇಲೆ, ಸಾಮಾನು ಕಟ್ಟುವ ಸರಳುಗಳ ನಡುವೆ, ನಾಲ್ವರೂ ಒಬ್ಬರನ್ನೊಬ್ಬರು ಹಿಡಿದುಕೊಂಡು ನಿಂತರು.

ಸೊಸೆ ನೋಡಿದಳು. ಎದುರಿಗೆ ಮರ, ಮರದಾಚೆ ಸಾಲು ಗುಡ್ಡ, ಅದರ ಮೇಲೆ ಮೋಡ. "ಎಲ್ಲಿ?" ಎಂದಳು.

"ಅಲ್ಲಲ್ಲಮ್ಮ, ಇನ್ನೂ ಮೇಲೆ," ಡ್ರೈವರು ಕೆಳಗಿನಿಂದ ಕೂಗಿದ. "ಆಕಾಶದಲ್ಲಿ ನೋಡಿ."

ಅವಳು ಕತ್ತೆತ್ತಿದಳು. ಮೋಡದ ಮೇಲೆ, ಆಕಾಶವೇ ಇರಬೇಕು ಎಂದುಕೊಂಡ ಜಾಗದಲ್ಲಿ, ಬೆಟ್ಟವಿತ್ತು. ಅಷ್ಟು ಎತ್ತರದಲ್ಲಿ ನೆಲವಿರುತ್ತದೆಂದು ಅವಳು ಎಂದೂ ಅಂದುಕೊಂಡಿರಲಿಲ್ಲ. ಅರ್ಧ ಆಕಾಶವನ್ನು ತುಂಬಿಕೊಂಡು ಬೆಳ್ಳಗೆ, ಸದ್ದಿಲ್ಲದೆ ನಿಂತಿತ್ತು. ನೋಡುತ್ತಿದ್ದಂತೆಯೇ ತುದಿಗೆ ಬಿಸಿಲು ಹತ್ತಿ ಕೆಂಪಾಗಿ ಕೆಳಗಿಳಿಯತೊಡಗಿತು. ಕಂತು, ವರ್ಕ್‌ಶಾಪು, ಬಸ್ಸಿನ ಖರ್ಚು ಯಾವುದೂ ತಲೆಯಲ್ಲಿ ಉಳಿಯಲಿಲ್ಲ. ಇಷ್ಟು ದೊಡ್ಡದು ಇದೆ, ತಾನು ಇದನ್ನು ನೋಡದೆಯೇ ಸತ್ತುಹೋಗಬಹುದಿತ್ತು ಎಂದಷ್ಟೇ ಅನ್ನಿಸಿ ಕಣ್ಣು ತುಂಬಿತು.

ಮಗಳು ತಾತನ ಮೊಣಕೈಯನ್ನು ಎರಡೂ ಕೈಯಲ್ಲಿ ಅವಚಿ ಹಿಡಿದಿದ್ದಳು. "ನಿನ್ನೆಯೂ ಇಲ್ಲೇ ಇತ್ತಾ ತಾತ?" ಎಂದಳು, ಪಿಸುಮಾತಿನಲ್ಲಿ.

"ಇತ್ತು."

"ನಾವು ಆಲೂಗಡ್ಡೆ ತಿಂತಾ ಇದ್ದಾಗ್ಲೂ?"

"ಆಗ್ಲೂ ಇತ್ತು." ಅವರು ಬಹಳ ಹೊತ್ತು ನೋಡಿದರು. ಆಮೇಲೆ ನಿಧಾನವಾಗಿ ಹೇಳಿದರು: "ಆದ್ರೆ ನಾನು ಎಲ್ಲರಿಗೂ ಎಡಗಡೆ ತೋರಿಸ್ತಿದ್ದೆ ಕಣೇ. ಇದು ಬಲಗಡೆ ಇದೆಯಲ್ಲ."

ಬಡಗಿ ತಡೆಯಲಾರದೆ ನಕ್ಕ. ಮಾವನೂ ನಕ್ಕರು, ನಗುತ್ತಾ ನಗುತ್ತಾ ಕಣ್ಣೊರೆಸಿಕೊಂಡರು. ಅಷ್ಟರಲ್ಲಿ ಡ್ರೈವರು ಮಗಳ ಫೋನಿನಲ್ಲಿ ಕೆಳಗಿನಿಂದ ಒಂದು ಫೋಟೊ ತೆಗೆದಿದ್ದ. ಪಾಪ, ಅವನ ಬೆನ್ನು ಬೆಟ್ಟದ ಕಡೆಗಿತ್ತು. ಫೋಟೊದಲ್ಲಿ ಬೆಟ್ಟ ಬಂದಿರಲಿಲ್ಲ. ಬಸ್ಸಿನ ಮೇಲೆ ಬಾಯಿ ಬಿಟ್ಟುಕೊಂಡು ನಿಂತ ನಾಲ್ಕು ಜನ ಮಾತ್ರ ಬಂದಿದ್ದರು. ಇನ್ನೊಂದು ತೆಗೆಯೋಣ ಎನ್ನುವಷ್ಟರಲ್ಲಿ ಮಂಜು ಮುಚ್ಚಿತು.

ಊರಿಗೆ ಮರಳಿದ ವಾರವೇ ಸೊಸೆ ಹೆದರಿದ್ದು ನಡೆಯಿತು. ವರ್ಕ್‌ಶಾಪಿನ ಮಾಲೀಕರು ಬಡಗಿಯನ್ನು ಕರೆದು, ಇನ್ನು ಮೇಲೆ ವಾರದಲ್ಲಿ ಮೂರೇ ದಿನ ಬಾ, ಸಂಬಳವೂ ಅರ್ಧ ಎಂದರು. ಬಡಗಿ ಉಳಿ, ಸುತ್ತಿಗೆಗಳ ಚೀಲವನ್ನು ಮನೆಗೆ ತಂದು ಮೂಲೆಯಲ್ಲಿಟ್ಟ. ಅವತ್ತು ಊಟದ ಹೊತ್ತಿಗೆ ಯಾರೂ ಯಾರನ್ನೂ ಬೈಯಲಿಲ್ಲ. ಬೈದಿದ್ದರೇ ಚೆನ್ನಾಗಿತ್ತು.

"ನನ್ನಿಂದಾಯ್ತು," ಎಂದರು ಮಾವ.

"ಬೆಟ್ಟ ನೋಡಿದ್ದಕ್ಕೆ ಯಾರ ಕೆಲಸವೂ ಹೋಗಲ್ಲ ಮಾವ," ಎಂದಳು ಸೊಸೆ. "ಸುಮ್ಮನೆ ಊಟ ಮಾಡಿ. ನಾಳೆ ಬ್ಯಾಂಕಿಗೆ ಹೋಗಿ ಸ್ವಲ್ಪ ಗಡುವು ಕೇಳ್ತೀನಿ."

ಮರುದಿನ ರಜೆ ಹಾಕಿ, ಇಸ್ತ್ರಿ ಮಾಡಿದ ಸೀರೆಯುಟ್ಟು, ವರ್ಷಗಳ ಮೇಲೆ ಬ್ಯಾಂಕಿನ ಒಳಗೆ ಕಾಲಿಟ್ಟಳು. ಹೇಳಬೇಕಾದ ಮಾತನ್ನು ದಾರಿಯುದ್ದಕ್ಕೂ ಬಾಯಿಪಾಠ ಮಾಡಿದ್ದಳು. ಕಿಟಕಿಯ ಆಚೆ ಕನ್ನಡಕದ ಹುಡುಗಿಯೊಬ್ಬಳು ನಂಬರು ಒತ್ತಿ ನೋಡಿದಳು.

"ಗಡುವು ಯಾಕಮ್ಮ? ಇದು ಮುಗಿದಿದೆಯಲ್ಲ."

"ಇಲ್ಲಮ್ಮ, ಇನ್ನೂ ಮೂರು ಕಂತಿದೆ. ಲೆಕ್ಕ ನನ್ನ ಬಾಯಲ್ಲೇ ಇದೆ."

"ನೀವು ಕಂತು ಎಣಿಸ್ತಿದೀರಾ? ಮಧ್ಯೆ ಮಧ್ಯೆ ಹೆಚ್ಚಿಗೆ ಕಟ್ಟಿದೀರಲ್ಲ, ಅದಷ್ಟೂ ಅಸಲಿಗೆ ಹೋಗಿದೆ. ಅಸಲು ಕರಗಿದ ಹಾಗೆ ಬಡ್ಡೀನೂ ಕರಗತ್ತೆ. ಸಾಲ ತೀರಿ ನಾಲ್ಕು ತಿಂಗಳಾಯ್ತು. ಆಮೇಲೂ ನೀವು ಮೆಷಿನ್ನಿಗೆ ತುಂಬ್ತಾನೇ ಇದೀರಿ." ಹುಡುಗಿ ನಕ್ಕಳು. "ಈಗ ನಾವೇ ನಿಮಗೆ ಕೊಡಬೇಕು. ಪತ್ರದ ಮೇಲೆ ಪತ್ರ ಹಾಕಿದ್ವಿ, ಫೋನೂ ಮಾಡಿದ್ವಿ. ಯಾರೋ ಗಂಡಸರು ಎತ್ತಿ ರಾಂಗ್ ನಂಬರ್ ಅಂತ ಬೈದ್ರಂತೆ."

"ಯಾವ ವಿಳಾಸಕ್ಕೆ ಹಾಕಿದ್ರಿ?"

ಹುಡುಗಿ ಓದಿ ಹೇಳಿದಳು. ಹಳೆಯ ಬಾಡಿಗೆ ಮನೆಯದು. ಫೋನು ಅದರ ಒಡೆಯನದು. ಬ್ಯಾಂಕಿನವರ ಮನೆಯ ವಿಳಾಸವನ್ನು ಬ್ಯಾಂಕಿನವರಿಗೇ ನಮ್ಮದೆಂದು ಬರೆದುಕೊಡುವ ಧೈರ್ಯ ಈ ಮನೆಯಲ್ಲಿ ಯಾರಿಗೂ ಬಂದಿರಲಿಲ್ಲ.

ಸೊಸೆ ಹೇಗೆ ಹೊರಗೆ ಬಂದಳೋ ಅವಳಿಗೇ ತಿಳಿಯದು. ನಾಲ್ಕು ತಿಂಗಳು. ಪ್ರವಾಸ ಬೇಡ ಎಂದು ಅನ್ನ ಬಡಿಸಿದ ದಿನವೇ ಸಾಲವಿರಲಿಲ್ಲ. ಮಾವ ಚಹಾ ಸರಿಸಿದ ದಿನವೂ ಇರಲಿಲ್ಲ. ತಮ್ಮ ಬೀದಿಗೆ ತಿರುಗಿ, ಮನೆಯೆದುರಿನ ಕಟ್ಟೆಯ ಹತ್ತಿರ ನಿಂತು ನೋಡಿದಳು. ಬಣ್ಣ ಸುಲಿದ ಗೇಟು, ನೀರಿಳಿದು ಹಸಿರುಗಟ್ಟಿದ ಪೈಪು, ಕಿಟಕಿಯ ಸರಳಿಗೆ ಕಟ್ಟಿದ ಕ್ಯಾಲೆಂಡರಿನ ಬೆನ್ನು. ದಿನಾ ತಲೆ ತಗ್ಗಿಸಿ ಒಳಗೆ ನುಗ್ಗುತ್ತಿದ್ದ ಮನೆ ಇದು. ಬಸ್ಸಿನ ಮೇಲೆ ನಿಂತಾಗಿನಂತೆಯೇ ಈಗ ಕತ್ತೆತ್ತಿ ನೋಡಿದಳು. ದಾರಿಹೋಕನೊಬ್ಬ ಅವಳು ನೋಡುತ್ತಿದ್ದ ಕಡೆ ತಾನೂ ನೋಡಿ, ಏನೂ ಕಾಣದೆ ಮುಂದೆ ಹೋದ.

ಒಳಗೆ ಮಾವ ಬಟಾಣಿ ಸುಲಿಯುತ್ತಿದ್ದರು. ಬಡಗಿ ಕೆಲಸವಿಲ್ಲದ ಕೈಯಲ್ಲಿ ಹೊಸ ಫೋಟೊಕ್ಕೆ ಚೌಕಟ್ಟು ಉಜ್ಜುತ್ತಿದ್ದ. ಮಗಳು ಪುಸ್ತಕ ಹಿಡಿದು, ಗೋಡೆಗೆ ತಲೆ ತಾಗದಂತೆ ಎಚ್ಚರದಿಂದ ಕೂತಿದ್ದಳು. ಸೊಸೆ ನೇರ ಗೋಡೆಯ ಹತ್ತಿರ ಹೋಗಿ ಅಂಗೈಯನ್ನು ಅದರ ಮೇಲಿಟ್ಟಳು.

"ಏನಂದ್ರು?" ಎಂದ ಬಡಗಿ.

ಹೇಳಿದಳು. ಎರಡು ಸಲ ಹೇಳಬೇಕಾಯಿತು. ಬಟಾಣಿಯೊಂದು ಮಾವನ ಕೈಯಿಂದ ಜಾರಿ ಉರುಳುತ್ತಾ ಹೋಯಿತು. ಅದನ್ನು ಯಾರೂ ಹೆಕ್ಕಲಿಲ್ಲ.

"ಹಾಗಾದ್ರೆ ನಿನ್ನೆಯೂ ನಮ್ಮದೇ ಆಗಿತ್ತಾ?" ಎಂದಳು ಮಗಳು.

"ಆಗಿತ್ತು."

"ನಾವು ಜಗಳ ಆಡ್ತಿದ್ದಾಗ್ಲೂ?"

"ಆಗ್ಲೂ ನಮ್ಮನೇನೇ." ಆ ಮಾತು ಬಾಯಿಂದ ಬಂದದ್ದೇ ಸೊಸೆ ಮಾವನ ಕಡೆ ನೋಡಿದಳು. ಅವರು ತಡೆಯಲಿಲ್ಲ. ಮೂಲೆಯಲ್ಲಿದ್ದ ಚೀಲದ ಕಡೆ ಕೈ ತೋರಿಸಿದರು.

ಬಡಗಿ ಮೊಳೆ ಆರಿಸಿದ, ಸುತ್ತಿಗೆಯನ್ನು ತಂದೆಯ ಮುಂದೆ ಹಿಡಿದ. ಅವರು ತಲೆಯಾಡಿಸಿ ಅದನ್ನು ಸೊಸೆಯ ಕೈಗೆ ಕೊಟ್ಟರು. "ನೀನೇ ಹೊಡಿಯಮ್ಮ."

ಅವಳಿಗೆ ಅಭ್ಯಾಸವಿರಲಿಲ್ಲ. ಮೊದಲ ಏಟು ತಪ್ಪಿತು. ಎರಡನೆಯದಕ್ಕೆ ಸುಣ್ಣ ಸಿಡಿದು ನೆಲಕ್ಕೆ ಬಿತ್ತು. ಆ ಸದ್ದಿಗೆ ನಾಲ್ವರೂ ಒಮ್ಮೆಲೇ ಬಾಗಿಲ ಕಡೆ ನೋಡಿದರು. ಯಾರೂ ಬರಲಿಲ್ಲ. ಬೀದಿಯಲ್ಲಿ ಸೈಕಲ್ಲೊಂದು ಬೆಲ್ ಮಾಡುತ್ತಾ ಹೋಯಿತು.

ಮೊಳೆ ನೆಟ್ಟಗೆ ನಿಂತಿತು. ಬಡಗಿ ಫೋಟೊ ತಗಲಿಹಾಕಿ, ಎರಡು ಹೆಜ್ಜೆ ಹಿಂದೆ ಸರಿದು, ಎಡಕ್ಕೆ ತುಸು ಸರಿಮಾಡಿದ. ಬಸ್ಸಿನ ಮೇಲಿನ ನಾಲ್ವರು ಈಗ ಗೋಡೆಯ ಮೇಲಿಂದ ನೋಡುತ್ತಿದ್ದರು. ಬೆಟ್ಟ ಎಲ್ಲೂ ಇರಲಿಲ್ಲ. ಅವರ ಎದುರಿಗಿದ್ದದ್ದು ಫ್ರಿಜ್ಜು, ಅದರ ಮೇಲಿನ ಗಡಿಯಾರ, ಕುರ್ಚಿಯ ಮೇಲಿನ ಕನ್ನಡಿ, ಬಟಾಣಿಯ ತಟ್ಟೆ. ಅದನ್ನೆಲ್ಲ ಅವರು ಬಿಟ್ಟ ಬಾಯಿ ಬಿಟ್ಟಂತೆ, ಕಣ್ಣು ಕೀಳದೆ ನೋಡುತ್ತಿದ್ದರು.

ಮಾವ ಎದ್ದು ಬಂದು ಫೋಟೊದ ಪಕ್ಕದ ಬರಿಗೋಡೆಯನ್ನು ಬೆರಳಿನಿಂದ ತಟ್ಟಿ ತೋರಿಸಿದರು.

"ಇಲ್ಲೊಂದು ಹೊಡಿ."

"ಇಲ್ಲಿ ಏನು ತಗಲಿಹಾಕೋದು ಮಾವ?"

"ಏನೂ ಬೇಡ," ಎಂದರು ಅವರು. "ಸುಮ್ಮನೆ ಹೊಡಿ."

ಸೊಸೆ ಇನ್ನೊಂದು ಮೊಳೆ ಎತ್ತಿಕೊಂಡಳು.